ಲೇಸ್ ಇಲ್ಲದ ಶೂ: ನಂಬರ್ ಸರಿಯಿದ್ದರೂ ಹಿಮ್ಮಡಿ ಯಾಕೆ ಜಾರುತ್ತದೆ?

ಪ್ರಶ್ನೆ: ಬ್ಯಾಂಕ್ ಕೆಲಸ, ದಿನವೂ ಶೂ ಬೇಕೇ ಬೇಕು. ಲೇಸ್ ಶೂ 8ನೇ ನಂಬರ್ ಸರಿಹೋಗುತ್ತದೆ. ಅದೇ ಕಂಪನಿಯ ಲೋಫರ್ 8 ಹಾಕಿದರೆ ಹಿಮ್ಮಡಿ ಎದ್ದೆದ್ದು ಬರುತ್ತದೆ, 7 ಹಾಕಿದರೆ ಕಿರುಬೆರಳು ಒತ್ತುತ್ತದೆ. ಏಳೂವರೆ ನಮ್ಮ ಊರಿನ ಅಂಗಡಿಗಳಲ್ಲಿ ಇಡುವುದೇ ಇಲ್ಲ. ಏನು ಮಾಡಲಿ?
– ಗಂಗಾವತಿಯ ಓದುಗರು

ಉತ್ತರ: ಲೇಸ್ ಶೂ ತುಸು ದೊಡ್ಡದಾದರೂ ಬಿಗಿದು ಕಟ್ಟಿದರೆ ನಡೆದುಹೋಗುತ್ತದೆ. ಲೋಫರ್‌ನಲ್ಲಿ ಆ ಅನುಕೂಲವಿಲ್ಲ. ಪಾದದ ಮೇಲಿನ ಉಬ್ಬನ್ನು ಚರ್ಮ ಹಿಡಿದುಕೊಳ್ಳಬೇಕು, ಹಿಂದೆ ಹಿಮ್ಮಡಿಯ ಗಟ್ಟಿ ಭಾಗ ಹಿಡಿದುಕೊಳ್ಳಬೇಕು, ಅಷ್ಟೇ. ಪಾದದ ಉಬ್ಬು ತಗ್ಗಾಗಿರುವವರಿಗೆ ಮೇಲಿನ ಹಿಡಿತ ಸಿಗದೆ ಕಾಲು ಮುಂದಕ್ಕೆ ಸರಿಯುತ್ತದೆ, ಹಿಮ್ಮಡಿ ಖಾಲಿಯಾಗುತ್ತದೆ. ನಿಮ್ಮದು ಇದೇ ಇರಬೇಕು.

7ಕ್ಕೆ ಇಳಿದಾಗ ಒತ್ತಿದ್ದಕ್ಕೂ ಲೆಕ್ಕವಿದೆ. ನಮ್ಮಲ್ಲಿ ನಡೆಯುವುದು ಬ್ರಿಟಿಷ್ ಅಳತೆ. ಒಂದು ನಂಬರ್ ಎಂದರೆ ಇಂಚಿನ ಮೂರನೇ ಒಂದು ಭಾಗ, ಅಂದರೆ ಸುಮಾರು 8.5 ಮಿ.ಮೀ. ಉದ್ದ ಇಳಿದಂತೆ ಮುಂಗಾಲಿನ ಸುತ್ತಳತೆಯೂ ಸುಮಾರು 6 ಮಿ.ಮೀ. ಇಳಿಯುತ್ತದೆ. ನಮ್ಮವರ ಪಾದ ಮುಂದುಗಡೆ ಅಗಲ, ಹಾಗಾಗಿ ಮೊದಲು ಒದ್ದಾಡುವುದು ಕಿರುಬೆರಳೇ. 42 ಎಂಬ ಯುರೋಪಿನ ನಂಬರ್ ನೋಡಿ ಸಮಾಧಾನಪಡಬೇಡಿ. ಅಲ್ಲಿ ಒಂದು ನಂಬರಿಗೆ ಸುಮಾರು 6.7 ಮಿ.ಮೀ. ಮಾತ್ರ. 8 ಅಂದರೆ 42 ಎಂದು ಒಂದು ಕಂಪನಿ ಬರೆದರೆ ಇನ್ನೊಂದು ಬೇರೆ ಬರೆಯುತ್ತದೆ.

ಮೊದಲು ಪಾದ ಅಳೆಯಿರಿ. ಸಂಜೆ ಅಳೆಯಬೇಕು, ಏಕೆಂದರೆ ದಿನವೆಲ್ಲ ಕುಳಿತು-ನಿಂತು ಪಾದ ಊದಿರುತ್ತದೆ, ನಮ್ಮ ಬೇಸಿಗೆಯಲ್ಲಂತೂ ಇನ್ನೂ ಹೆಚ್ಚು. ಎ4 ಹಾಳೆಯನ್ನು ಗೋಡೆಗೆ ಒತ್ತಿ ಹಾಸಿ, ಆಫೀಸಿಗೆ ಹಾಕುವ ಕಾಲುಚೀಲ ಹಾಕಿಕೊಂಡು, ಹಿಮ್ಮಡಿ ಗೋಡೆಗೆ ತಾಗುವಂತೆ ಪೂರ್ತಿ ಭಾರ ಬಿಟ್ಟು ನಿಲ್ಲಿ. ಗುರುತು ಬೇರೆಯವರು ಹಾಕಲಿ, ನೀವೇ ಬಗ್ಗಿದರೆ ಭಾರ ಸರಿದು ಅಳತೆ ತಪ್ಪುತ್ತದೆ. ಅತಿ ಉದ್ದದ ಬೆರಳಿಗೆ ಒಂದು ಗುರುತು (ಅದು ಹೆಬ್ಬೆರಳೇ ಆಗಿರಬೇಕಿಲ್ಲ). ಆಮೇಲೆ ಹೆಬ್ಬೆರಳ ಬುಡದ ಗಂಟಿನಿಂದ ಕಿರುಬೆರಳ ಬುಡದ ಗಂಟಿನವರೆಗೆ ಬರುವಂತೆ ಟೇಪು ಸುತ್ತಿ ಸುತ್ತಳತೆ ತೆಗೆಯಿರಿ. ಎರಡೂ ಪಾದ ಅಳೆದು, ದೊಡ್ಡ ಪಾದಕ್ಕೆ ಶೂ ತೆಗೆದುಕೊಳ್ಳಿ.

ಅಂಗಡಿಯಲ್ಲಿ 7ನೇ ನಂಬರಿನಲ್ಲೇ ಅಗಲ ಹೆಚ್ಚಿನದನ್ನು ಕೇಳಿ. ಕೆಲವು ಕಂಪನಿಗಳು ಡಬ್ಬಿಯ ಮೇಲೆ ಎಫ್, ಜಿ, ಎಚ್ ಎಂದು ಅಗಲ ನಮೂದಿಸುತ್ತವೆ. ಎಫ್‌ಗಿಂತ ಜಿ ಅಗಲ, ಜಿಗಿಂತ ಎಚ್ ಅಗಲ. ಅದು ಸಿಗದಿದ್ದರೆ, ಅಥವಾ 7 ಉದ್ದದಲ್ಲೂ ಸಾಲದಿದ್ದರೆ, 8 ತೆಗೆದುಕೊಂಡು ಶೂನ ನಾಲಿಗೆಯ (ಪಾದದ ಮೇಲೆ ಕೂರುವ) ಭಾಗದ ಒಳಗೆ ಪ್ಯಾಡ್ ಅಂಟಿಸಿ. ಮೇಲಿನ ಅಡ್ಡಪಟ್ಟಿಯ ನೇರ ಕೆಳಗೆ, ಪಾದದ ಉಬ್ಬಿಗೆ ತಾಗುವ ಜಾಗದಲ್ಲಿ 3 ಮಿ.ಮೀ. ದಪ್ಪದ ಫೋಮ್ ಅಥವಾ ಫೆಲ್ಟ್ ಸಾಕು. ಅದು ಪಾದವನ್ನು ಹಿಂದಕ್ಕೆ ನೂಕಿ ಹಿಮ್ಮಡಿಯನ್ನು ಅದರ ಜಾಗದಲ್ಲಿ ಕೂರಿಸುತ್ತದೆ. ಎಲ್ಲರೂ ಮೊದಲು ಕೊಳ್ಳುವುದು ಹಿಮ್ಮಡಿ ಪ್ಯಾಡ್. ಅದು ಪಾದವನ್ನು ಇನ್ನಷ್ಟು ಮುಂದಕ್ಕೆ ತಳ್ಳುವುದರಿಂದ ನಿಮ್ಮ ಕಷ್ಟಕ್ಕೆ ತಕ್ಕುದಲ್ಲ. ಪೂರ್ತಿ ಉದ್ದದ ಒಳಅಟ್ಟೆ ಹಾಕಿದರೆ ಪಾದ ಎತ್ತರಕ್ಕೆ ಬಂದು ಹಿಡಿತ ಬಿಗಿಯಾಗುತ್ತದೆ ನಿಜ, ಆದರೆ ಹಿಮ್ಮಡಿಯೂ ಅಷ್ಟೇ ಮೇಲೇರಿ ಶೂ ಇನ್ನೂ ಬೇಗ ಕಳಚಿಕೊಳ್ಳಬಹುದು.

ಹಾಕಿ ನೋಡುವಾಗ ಅಂಗಡಿಯ ಮ್ಯಾಟ್ ಮೇಲೆ ನಾಲ್ಕು ಹೆಜ್ಜೆ ಹಾಕಿ ತೀರ್ಮಾನಿಸಬೇಡಿ. ಗಟ್ಟಿ ನೆಲದ ಮೇಲೆ ನಡೆಯಿರಿ, ಮೆಟ್ಟಿಲಿದ್ದರೆ ಹತ್ತಿ. ಹಿಮ್ಮಡಿ ಜಾರುವುದು ಮೆಟ್ಟಿಲ ಮೇಲೆಯೇ ಚೆನ್ನಾಗಿ ತಿಳಿಯುತ್ತದೆ. ಹೊಸ ಶೂನ ಅಡಿ ಬಿರುಸಾಗಿ ಬಾಗದ ಕಾರಣ 3–5 ಮಿ.ಮೀ. ಎದ್ದರೆ ಚಿಂತೆಯಿಲ್ಲ, ಅಡಿ ಬಳುಕಿದಂತೆ ಅದು ಕಡಿಮೆಯಾಗುತ್ತದೆ. ಒಂದು ಸೆಂ.ಮೀ. ಎದ್ದರೆ ಅಲ್ಲೇ ಬಿಟ್ಟುಬನ್ನಿ. ತುದಿಗಾಲಲ್ಲಿ ನಿಂತಾಗ ಪಕ್ಕದ ಅಂಚು ಬಾಯಿ ಬಿಡುತ್ತಿದೆಯೇ, ಮಡಿಕೆ ಬೆರಳುಗಳ ಬುಡದಲ್ಲೇ ಬೀಳುತ್ತಿದೆಯೇ, ಅಂಚು ಕಣಕಾಲ ಗಂಟಿಗೆ ತಾಗುತ್ತಿದೆಯೇ, ಇವನ್ನೂ ನೋಡಿ. ಕಣಕಾಲ ಗಂಟಿಗೆ ತಾಗುವ ಶೂ ಮುಂದೆ ಸರಿಹೋಗುವುದು ಅಪರೂಪ.

ಪ್ರಶ್ನೆ: ತಮ್ಮನ ಮದುವೆಗೆಂದು ಆನ್‌ಲೈನಲ್ಲಿ ಕಟ್ ಶೂ ತರಿಸಿದೆವು. ಪಕ್ಕದಲ್ಲಿ ಬಿಗಿ. ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ ಅಂತಾರೆ, ಹೌದಾ?
– ಬಳ್ಳಾರಿಯ ಓದುಗರು

ಉತ್ತರ: ನಿಜವಾದ ಚರ್ಮವಾದರೆ ಅಗಲಕ್ಕೆ ಸ್ವಲ್ಪ ಬಿಡುತ್ತದೆ, ಉದ್ದಕ್ಕೆ ಬಿಡುವುದಿಲ್ಲ. ಬೆರಳ ತುದಿ ಮುಂದೆ ತಾಗುತ್ತಿದ್ದರೆ ಇವತ್ತೇ ವಾಪಸ್ ಕಳಿಸಿ. ರೆಕ್ಸಿನ್ ಅಥವಾ ಪಿಯು (ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್) ಆದರೆ ಅಗಲಕ್ಕೂ ಬಿಡದು, ಬಲವಂತ ಮಾಡಿದರೆ ಮೇಲಿನ ಪದರ ಬಿರಿಯುತ್ತದೆ. ಗೊತ್ತಾಗದಿದ್ದರೆ ಒಳಗೆ ಚರ್ಮದ ಅಂಚು ಕತ್ತರಿಸಿರುವ ಕಡೆ ನೋಡಿ: ಚರ್ಮಕ್ಕೆ ನಾರುನಾರಾದ ಅಂಚು, ರೆಕ್ಸಿನ್‌ಗೆ ಬಟ್ಟೆಯ ಮೇಲೆ ತೆಳು ಪ್ಲಾಸ್ಟಿಕ್ ಪದರ.

ಚರ್ಮವೇ ಆದರೆ ಚಪ್ಪಲಿ ಹೊಲಿಯುವವರ ಹತ್ತಿರ ಮರದ ಅಚ್ಚು ಇರುತ್ತದೆ. ಒತ್ತುವ ಜಾಗಕ್ಕೆ ಸೀಮೆಸುಣ್ಣದ ಗುರುತು ಹಾಕಿ ಕೊಡಿ, ಒಂದೆರಡು ದಿನ ಅಚ್ಚಿನಲ್ಲೇ ಇರಲಿ. ಮನೆಯಲ್ಲಾದರೆ ದಪ್ಪ ಕಾಲುಚೀಲ ಹಾಕಿ ದಿನಕ್ಕೆ ಅರ್ಧ ಗಂಟೆ ಮನೆಯೊಳಗೇ ಓಡಾಡಲಿ, ಮದುವೆಗೆ ಎರಡು ವಾರ ಮುಂಚಿನಿಂದ. ಬಿಸಿಲಿಗೆ ಇಡಬೇಡಿ, ಬಳ್ಳಾರಿ ಬಿಸಿಲಿಗೆ ಅಂಟು ಬಿಡುತ್ತದೆ, ಚರ್ಮ ಒಣಗಿ ಸೆಟೆಯುತ್ತದೆ. ಇನ್ನೊಂದು, ಮಂಟಪ ಹತ್ತಿ ಇಳಿಯುವಾಗಲೆಲ್ಲ ವರ ಶೂ ಬಿಟ್ಟು ಹಾಕುವವನೇ. ಅವಸರದಲ್ಲಿ ಹಿಂಭಾಗ ತುಳಿದು ತೂರಿಸಿದರೆ ಒಳಗಿನ ಗಟ್ಟಿ ತುಂಡು ಮುರಿದು, ಆ ಶೂ ಮತ್ತೆಂದೂ ಹಿಮ್ಮಡಿ ಹಿಡಿಯುವುದಿಲ್ಲ. ಶೂ ಹಾರ್ನ್ ಒಬ್ಬರ ಜೇಬಿನಲ್ಲಿರಲಿ. ಗ್ರಾನೈಟ್ ನೆಲದಲ್ಲಿ ಚರ್ಮದ ಅಡಿ ಜಾರುತ್ತದೆ, ತೆಳು ರಬ್ಬರ್ ಅಂಟಿಸಿಕೊಳ್ಳಿ.

ಪ್ರಶ್ನೆ: ತಂದೆಯವರಿಗೆ 68 ವರ್ಷ, ಸಕ್ಕರೆ ಕಾಯಿಲೆ, ಅಂಗಾಲು ಜುಮ್ಮೆನ್ನುತ್ತದೆ. ಬಗ್ಗಿ ಲೇಸ್ ಕಟ್ಟಲಾಗದು, ಸಮಾರಂಭಗಳಿಗೆ ಲೇಸ್ ಇಲ್ಲದ ಶೂ ಕೊಡಿಸಬಹುದೇ?
– ರಾಯಚೂರಿನ ಓದುಗರು

ಉತ್ತರ: ಬೇಡ. ಲೋಫರ್ ನಿಲ್ಲುವುದೇ ಬಿಗಿಯಿಂದ. ಸ್ಪರ್ಶ ಕಡಿಮೆಯಾದ ಪಾದಕ್ಕೆ ಆ ಬಿಗಿ ತಿಳಿಯುವುದಿಲ್ಲ, ಸಡಿಲವಾದರೆ ಉಜ್ಜಿ ಗುಳ್ಳೆ ಎದ್ದದ್ದೂ ತಿಳಿಯುವುದಿಲ್ಲ. ಕಪ್ಪು ಬಣ್ಣದ, ಅಗಲ ಬಾಯಿಯ ವೆಲ್ಕ್ರೋ ಪಟ್ಟಿಯ ಶೂ ನೋಡಿ. ಕುರ್ಚಿಯಲ್ಲಿ ಕುಳಿತು ಹಾಕಲು ಒಂದೂವರೆ ಅಡಿ ಹಿಡಿಯ ಶೂ ಹಾರ್ನ್ ಸಿಗುತ್ತದೆ. ಒಳಅಟ್ಟೆ ತೆಗೆಯಲು ಬರುವಂತಿರಲಿ, ಅದರ ಜಾಗಕ್ಕೆ ಮೆತ್ತನೆಯ ಎಂಸಿಆರ್ (ಸೂಕ್ಷ್ಮ ರಂಧ್ರಗಳ ರಬ್ಬರ್) ಅಟ್ಟೆ ಹಾಕಿದಾಗಲೂ ಬೆರಳುಗಳ ಮೇಲೆ ಜಾಗ ಉಳಿಯಬೇಕು. ಮೊದಲ ದಿನ ಒಂದು ಗಂಟೆ ಮಾತ್ರ ಹಾಕಿಸಿ, ಬಿಚ್ಚಿ ಪಾದ ನೋಡಿ. ಕೆಂಪು ಗುರುತು ಅರ್ಧ ಗಂಟೆಯಾದರೂ ಮಾಸದಿದ್ದರೆ ಆ ಶೂ ಅವರಿಗಲ್ಲ. ಹಾಕುವ ಮುಂಚೆ ಪ್ರತಿ ಸಲ ಒಳಗೆ ಕೈಯಾಡಿಸಿ, ಕಲ್ಲುಚೂರು ಇದ್ದರೂ ಅವರಿಗೆ ಗೊತ್ತಾಗದು. ಗುಳ್ಳೆ ಅಥವಾ ಗಾಯ ಕಂಡರೆ ಮನೆಮದ್ದು ಬೇಡ, ಅದೇ ದಿನ ವೈದ್ಯರಿಗೆ ತೋರಿಸಿ.

ಪ್ರಶ್ನೆ: ಮೂರು ವರ್ಷ ಡಬ್ಬಿಯಲ್ಲೇ ಇಟ್ಟಿದ್ದ ಲೋಫರ್ ಹಾಕಿ ನಡೆದರೆ ಅಡಿ ಪುಡಿಪುಡಿಯಾಗಿ ಉದುರಿತು. ಅಂಟಿಸಬಹುದೇ?
– ಸಿಂಧನೂರಿನ ಓದುಗರು

ಉತ್ತರ: ಅದು ಪಿಯು ಅಡಿ. ಗಾಳಿಯ ತೇವ ಹೀರಿ ಒಳಗೊಳಗೇ ಕೊಳೆಯುತ್ತದೆ, ಹಾಕದೆ ಇಟ್ಟರೂ ಉಳಿಯುವುದಿಲ್ಲ. ಉಳಿದ ತುಂಡನ್ನು ಅಂಟಿಸಿದರೆ ಅಂಟಿನ ಪಕ್ಕದಲ್ಲೇ ಮತ್ತೆ ಒಡೆಯುತ್ತದೆ. ಮೇಲಿನ ಚರ್ಮ ಚೆನ್ನಾಗಿದ್ದರೆ ಹಳೆಯದನ್ನೆಲ್ಲ ಕೆರೆದು ತೆಗೆಸಿ ರಬ್ಬರ್ ಅಥವಾ ಟಿಪಿಆರ್ (ರಬ್ಬರಿನಂತಹ ಪ್ಲಾಸ್ಟಿಕ್) ಅಡಿ ಹಾಕಿಸಿ. ಹೊಸ ಅಡಿ ಬಿರುಸಾಗಿರುವುದರಿಂದ ಮೊದಲ ಕೆಲವು ದಿನ ಹಿಮ್ಮಡಿ ಮತ್ತೆ ಸ್ವಲ್ಪ ಎದ್ದೀತು. ರೆಕ್ಸಿನ್ ಶೂ ಆದರೆ ಕೂಲಿಯೂ ದಂಡ.