ಮುಳುಗಿದ ಊರಿನ ಫೋಟೋ: ಮೊದಲು ಹಿಂಬದಿ ನೋಡಿ

ಶರಾವತಿಯ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಲ್ಲಿ ಮುಳುಗಿದ ಅಜ್ಜನ ಮನೆಯ ಫೋಟೋ ಸಿಕ್ಕಿದೆ, ಯಾವ ವರ್ಷದ್ದು ಅಂತ ತಿಳಿಯುವುದು ಹೇಗೆ ಎಂದು ಕೇಳಿದ್ದೀರಿ. ಎಂಥ ಆಸ್ತಿ ಅದು! ದಯವಿಟ್ಟು ಜೋಪಾನ ಮಾಡಿ.

ಅಣೆಕಟ್ಟು ಮುಗಿದದ್ದು 1964ರಲ್ಲಿ. ಹಾಗಾಗಿ ಮನೆ ತುಂಬಿಕೊಂಡು ಜನ ಇದ್ದರೆ ಫೋಟೋ ಹೆಚ್ಚುಕಡಿಮೆ ಅದಕ್ಕಿಂತ ಹಿಂದಿನದೇ. ಹಿಂಬದಿಯಲ್ಲಿ ಸ್ಟುಡಿಯೋ ಮೊಹರು ಇದೆಯಾ ನೋಡಿ. ಸ್ಟುಡಿಯೋ ಯಾವ ಊರಿನದು ಅಂತ ಗೊತ್ತಾದರೆ ಅಲ್ಲಿನ ಹಿರಿಯರನ್ನು ಕೇಳಬಹುದು.

ಆಮೇಲೆ ಜನರನ್ನು ಬಿಟ್ಟು ಸುತ್ತಮುತ್ತ ನೋಡಿ. ನಮ್ಮ ಮನೆಯ ಒಂದು ಫೋಟೋದಲ್ಲಿ ಎಲ್ಲರೂ ಅಜ್ಜಿಯ ಮುಖವನ್ನೇ ನೋಡುತ್ತಿದ್ದರು. ದೊಡ್ಡದು ಮಾಡಿ ನೋಡಿದಾಗ ಹಿಂದೆ ಒಣಗಿಸುವ ಅಟ್ಟದ ಮೇಲೆ ಅಡಿಕೆ ಹರವಿದ್ದು ಕಂಡಿತು. ಅಂದರೆ ಕೊಯ್ಲಿನ ಕಾಲ, ಚಳಿಗಾಲ! ಕೊಟ್ಟಿಗೆಯ ಮಾಡಿಗೆ ಸೋಗೆ (ಅಡಿಕೆ ಗರಿ), ಮನೆಗೆ ಹೆಂಚು. ಅಜ್ಜಿಯ ತೋಳಲ್ಲಿದ್ದ ಕೂಸು ನಮ್ಮ ಅತ್ತೆ. ಅವರ ವಯಸ್ಸು ಲೆಕ್ಕ ಹಾಕಿದ್ದೇ ತಡ, ವರ್ಷ ಸಿಕ್ಕಿತು. ಫೋಟೋದಲ್ಲಿ ಕೂಸು ಇದ್ದರೆ ಅದಕ್ಕಿಂತ ಒಳ್ಳೆಯ ಸುಳಿವಿಲ್ಲ.

ಫೋಟೋ ಚೌಕಟ್ಟಿನ ಗಾಜಿಗೆ ಅಂಟಿಕೊಂಡಿದ್ದರೆ ಮಾತ್ರ ಕಿತ್ತು ತೆಗೆಯಬೇಡಿ, ಮೇಲಿನ ಪದರ ಗಾಜಿಗೇ ಉಳಿದುಬಿಡುತ್ತದೆ. ಗಾಜಿನ ಸಮೇತ ಸ್ಕ್ಯಾನ್ ಮಾಡಿಸಿ.

ಮತ್ತೆ, ಆ ಊರಿಂದ ಎದ್ದು ಬಂದ ಹಿರಿಯರು ಯಾರಾದರೂ ಇದ್ದಾರಲ್ವಾ? ದೊಡ್ಡ ಪ್ರಿಂಟ್ ಹಾಕಿಸಿಕೊಂಡು ಈ ವಾರವೇ ಹೋಗಿ. ಸುಮ್ನೆ ಕೈಗೆ ಕೊಟ್ಟು ಪಕ್ಕದಲ್ಲಿ ಕೂತುಕೊಳ್ಳಿ. ಅವರು ಹೇಳಿದ್ದನ್ನು ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ.