ಆನ್‌ಲೈನ್ ದರಕ್ಕೇ ಪುಸ್ತಕ ಕೊಡಲು ಕಲಬುರಗಿಯ ಅಂಗಡಿಗಳಿಗೆ ಯಾಕೆ ಆಗುವುದಿಲ್ಲ?

ಎಲ್ಲ ಕಮಿಷನ್ ಲೆಕ್ಕ. 300 ರೂಪಾಯಿ ಮುಖಬೆಲೆಯ ಪುಸ್ತಕ ಊರಿನ ಸೂಪರ್ ಮಾರ್ಕೆಟ್ ಪ್ರದೇಶದ ಅಂಗಡಿಗೆ ಶೇ. 25 ಕಡಿತದಲ್ಲಿ ಬಂತೆನ್ನಿ: ಉಳಿಯುವುದು 75. ಬೆಂಗಳೂರಿನ ಪಾರ್ಸೆಲ್ ಖರ್ಚು, ಬಾಡಿಗೆ, ಕರೆಂಟು ಅದರಲ್ಲೇ. ಗಿರಾಕಿ ಮೊಬೈಲ್ ತೋರಿಸಿ "240ಕ್ಕೆ ಐತಲ್ರಿ" ಅಂದರೆ ಕೈಯಲ್ಲಿ ಬರೀ 15. ದೊಡ್ಡ ಆನ್‌ಲೈನ್ ಮಾರಾಟಗಾರರಿಗೆ ರಾಶಿಗಟ್ಟಲೆ ಕೊಳ್ಳುವುದರಿಂದ ಕಡಿತವೂ ಹೆಚ್ಚು. ಮೇಲಾಗಿ ಆನ್‌ಲೈನ್ ಮಾರಾಟಕ್ಕೆ ಪುಸ್ತಕ ಹೇಳಿಮಾಡಿಸಿದ್ದು: ಕೆಡುವುದಿಲ್ಲ, ಬಟ್ಟೆಯಂತೆ ಅಳತೆಯ ತಕರಾರಿಲ್ಲ, ಐಎಸ್‌ಬಿಎನ್ (ಪುಸ್ತಕದ ಗುರುತಿನ ಸಂಖ್ಯೆ) ಇದ್ದರೆ ಇದೇ ಆವೃತ್ತಿ ಎಂಬ ಖಾತ್ರಿ. 1995ರಲ್ಲಿ ಅಮೆಜಾನ್, 2007ರಲ್ಲಿ ಫ್ಲಿಪ್‌ಕಾರ್ಟ್ ಪುಸ್ತಕದಿಂದಲೇ ವ್ಯಾಪಾರ ಶುರು ಮಾಡಿದ್ದು ಸುಮ್ಮನೆ ಅಲ್ಲ.

ಅಂಗಡಿಗೆ ಹೆಚ್ಚು ಅಪಾಯ ಪರೀಕ್ಷೆಯ ಗೈಡ್‌ಗಳಲ್ಲಿ. ಪಠ್ಯಕ್ರಮ ಬದಲಾದರೆ ಉಳಿದದ್ದು ರದ್ದಿ. ಪ್ರಕಾಶಕರು ವಾಪಸು ತಗೊಳ್ಳುವ ಮಾತು ಮೊದಲೇ ಆಗಿರಬೇಕು. 80 ರೂಪಾಯಿಯ ಕನ್ನಡ ಪುಸ್ತಕಕ್ಕೆ ಮಾತ್ರ ಅಂಗಡಿಯೇ ಮೇಲು, ಸಾಗಣೆ ಖರ್ಚು ಸೇರಿದರೆ ಆನ್‌ಲೈನ್ ದುಬಾರಿ. 2025ರ ಮೇನಲ್ಲಿ ಬಂದ ಅಂಚೆಯ ಜ್ಞಾನ್ ಪೋಸ್ಟ್ ಎಂಬ ಪುಸ್ತಕ ಕಳಿಸುವ ಅಗ್ಗದ ಸೇವೆಯಲ್ಲೂ 300 ಗ್ರಾಂವರೆಗೆ 20 ರೂಪಾಯಿ, ತೆರಿಗೆ ಬೇರೆ. ವಾಟ್ಸ್‌ಆಪ್‌ನಲ್ಲಿ ಆರ್ಡರ್ ಹಿಡಿದು ಆಳಂದ, ಸೇಡಂಗೆ ಅಂಗಡಿಯವರೂ ಅಂಚೆಯಲ್ಲಿ ಕಳಿಸಬಹುದು. ಆದರೆ ಪಾರ್ಸೆಲ್‌ನಲ್ಲಿ ಪುಸ್ತಕದ ಎರಡೂ ಬದಿ ರಟ್ಟು ಇಡದಿದ್ದರೆ ಮೂಲೆ ಮುದುಡಿಯೇ ತಲುಪುತ್ತದೆ.