ಓದುಗರ ಪ್ರಶ್ನೆ: ಕೆಂಟಕಿಯ ಸೃಷ್ಟಿವಾದಿ ಮ್ಯೂಸಿಯಂ ಮತ್ತು ಅದರ ನೆರೆಹೊರೆ

ಒಂದೇ ವಿಷಯದ ಸುತ್ತ ಹಲವು ಪತ್ರಗಳು ಬಂದಿರುವುದರಿಂದ ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಡಲಾಗಿದೆ.

ಪ್ರಶ್ನೆ: ಮಗನ ಮನೆಗೆಂದು ಅಮೆರಿಕದ ಸಿನ್ಸಿನಾಟಿಗೆ ಹೋಗಿದ್ದಾಗ ಹೆದ್ದಾರಿಯ ಬದಿಯಲ್ಲಿ ಡೈನೊಸಾರ್ ಚಿತ್ರವಿದ್ದ ದೊಡ್ಡ ಜಾಹೀರಾತು ಫಲಕವೊಂದನ್ನು ಕಂಡು, ಮೊಮ್ಮಕ್ಕಳನ್ನು ಕರೆದೊಯ್ಯೋಣವೆಂದೆ. ಭೂಮಿ ಹುಟ್ಟಿ ಆರು ಸಾವಿರ ವರ್ಷವಾಯಿತೆಂದು ಹೇಳುವ ಮ್ಯೂಸಿಯಂ ಅದು ಎಂದು ಮಗ ನಕ್ಕುಬಿಟ್ಟ. ವಿಮಾನದ ಎಂಜಿನ್ ತಯಾರಾಗುವ, ದೊಡ್ಡ ವಿಶ್ವವಿದ್ಯಾಲಯವಿರುವ ಊರಿನ ಮಗ್ಗುಲಲ್ಲೇ ಇಂಥದ್ದು ನೆಲೆಯೂರಿದ್ದು ಹೇಗೆ? ಸುತ್ತಲಿನ ಜನ ಇದನ್ನು ಒಪ್ಪಿಕೊಂಡಿದ್ದಾರೆಯೇ?

ಉತ್ತರ: ತಾವು ಕಂಡದ್ದು ಕೆಂಟಕಿ ರಾಜ್ಯದ ಬೂನ್ ಕೌಂಟಿಗೆ ಸೇರಿದ ಪೀಟರ್ಸ್‌ಬರ್ಗ್‌ನಲ್ಲಿರುವ ‘ಕ್ರಿಯೇಷನ್ ಮ್ಯೂಸಿಯಂ’ನ ಫಲಕವಿರಬೇಕು. ‘ಆನ್ಸರ್ಸ್ ಇನ್ ಜೆನೆಸಿಸ್’ ಎಂಬ ಕ್ರೈಸ್ತ ಸಂಸ್ಥೆಯು ಸುಮಾರು 2 ಕೋಟಿ 70 ಲಕ್ಷ ಡಾಲರ್ ವೆಚ್ಚದಲ್ಲಿ ಕಟ್ಟಿ, 2007ರ ಮೇ 28ರಂದು ಅದನ್ನು ತೆರೆಯಿತು. ಬೈಬಲ್ಲಿನ ಆದಿಕಾಂಡವನ್ನು ಅಕ್ಷರಶಃ ಇತಿಹಾಸವೆಂದು ಓದುವ ಈ ಸಂಸ್ಥೆಯ ಪ್ರಕಾರ ಡೈನೊಸಾರ್‌ಗಳು ಮನುಷ್ಯರ ಜೊತೆಯಲ್ಲೇ ಬದುಕಿದ್ದವು. ಜಗತ್ತಿನ ಪಳೆಯುಳಿಕೆ ಪದರಗಳಲ್ಲಿ ಬಹುಪಾಲು ನೋಹನ (ಬೈಬಲ್ಲಿನ ಕಥೆಯಲ್ಲಿ ಪ್ರಾಣಿಗಳ ಜೋಡಿಗಳನ್ನು ನಾವೆಯಲ್ಲಿ ಉಳಿಸಿದವನು) ಕಾಲದ ಒಂದೇ ಜಲಪ್ರಳಯದಲ್ಲಿ ಹೂಳಾಗಿ ಕೂತವೆಂದೂ ಅದು ಹೇಳುತ್ತದೆ.

ಇದು ಕೆಂಟಕಿಯ ಜನ ಬೇಡಿ ಪಡೆದದ್ದಲ್ಲ ಎಂಬುದನ್ನು ಮೊದಲು ಗಮನಿಸಬೇಕು. ಸಂಸ್ಥೆಯ ಮುಖ್ಯಸ್ಥರಾದ ಕೆನ್ ಹ್ಯಾಮ್ ಆಸ್ಟ್ರೇಲಿಯಾದವರು. 1987ರಲ್ಲಿ ಅಮೆರಿಕಕ್ಕೆ ಬಂದು ಕ್ಯಾಲಿಫೋರ್ನಿಯಾದ ಸೃಷ್ಟಿವಾದಿ ಸಂಸ್ಥೆಯೊಂದರಲ್ಲಿ ಕೆಲಸಮಾಡಿ, 1990ರ ದಶಕದ ನಡುವಿನಲ್ಲಿ ಉತ್ತರ ಕೆಂಟಕಿಗೆ ಸ್ಥಳಾಂತರಗೊಂಡವರು. ಜಾಗವನ್ನು ಆರಿಸಿದ್ದಕ್ಕೆ ಅವರೇ ಕೊಡುವ ಕಾರಣ ಲೆಕ್ಕಾಚಾರದ್ದು: ಅಮೆರಿಕದ ಜನಸಂಖ್ಯೆಯ ಸುಮಾರು ಮೂರರಲ್ಲಿ ಎರಡು ಭಾಗ ಅಲ್ಲಿಂದ ಒಂದು ದಿನದ ಕಾರು ಪ್ರಯಾಣದ ಅಳತೆಯೊಳಗೆ ಸಿಗುತ್ತದೆ. ಪಕ್ಕದಲ್ಲೇ ದೊಡ್ಡ ವಿಮಾನ ನಿಲ್ದಾಣವೂ ಇದೆ. ಹೆಸರಿಗೆ ಅದು ಓಹಾಯೊ ರಾಜ್ಯದ ಸಿನ್ಸಿನಾಟಿಯ ನಿಲ್ದಾಣವಾದರೂ ಇರುವುದು ನದಿಯಾಚೆ, ಇದೇ ಬೂನ್ ಕೌಂಟಿಯಲ್ಲಿ. ಸರಕು ಸಾಗಣೆಯ ಕಂಪನಿಗಳು ಈ ಪ್ರದೇಶವನ್ನು ಮೆಚ್ಚಿಕೊಳ್ಳುವುದೂ ಇಂಥದೇ ಕಾರಣಕ್ಕೆ. ಆದ್ದರಿಂದ ಮ್ಯೂಸಿಯಂ ಇರುವ ಜಾಗವನ್ನು ನೋಡಿ ಅಲ್ಲಿನವರ ನಂಬಿಕೆಯನ್ನು ಅಳೆಯಹೊರಟರೆ ತಪ್ಪು ಲೆಕ್ಕ ಸಿಗುತ್ತದೆ.

ಸಂಸ್ಥೆಗೆ ಈ ಕೌಂಟಿಯಲ್ಲಿ ಜಾಗ ಸಲೀಸಾಗಿ ದೊರೆಯಲೂ ಇಲ್ಲ. ಮೊದಲು ಅದು ಬಯಸಿದ್ದು ‘ಬಿಗ್ ಬೋನ್ ಲಿಕ್’ ಎಂಬ ಸರ್ಕಾರಿ ಉದ್ಯಾನದ ಸಮೀಪದ ಭೂಮಿಯನ್ನು. ಸ್ಥಳೀಯರ ವಿರೋಧ ಹಾಗೂ ಭೂಬಳಕೆಯ ಅನುಮತಿಯ ತೊಡಕಿನಿಂದ ಅದು ಕೈಗೂಡದೆ ಪೀಟರ್ಸ್‌ಬರ್ಗ್‌ಗೆ ಬರಬೇಕಾಯಿತು. ಈ ಬಿಗ್ ಬೋನ್ ಸಾಮಾನ್ಯ ಜಾಗವಲ್ಲ. ಉಪ್ಪಿನೂಟೆಗೆ ಬರುತ್ತಿದ್ದ ಹಿಮಯುಗದ ಪ್ರಾಣಿಗಳ ಮೂಳೆಗಳು ಅಲ್ಲಿನ ಜೌಗು ನೆಲದಲ್ಲಿ ರಾಶಿಯಾಗಿ ಸಿಕ್ಕಿದ್ದವು. 1739ರಲ್ಲಿ ಫ್ರೆಂಚ್ ಸೇನಾಧಿಕಾರಿಯೊಬ್ಬರು ಓಹಾಯೊ ನದಿಯ ಈ ಭಾಗದಿಂದ ಸಂಗ್ರಹಿಸಿದ ಮೂಳೆಗಳು ಪ್ಯಾರಿಸ್ ಸೇರಿದವು. ಆ ಶತಮಾನದ ಕೊನೆಯಲ್ಲಿ ಜಾರ್ಜ್ ಕುವಿಯೆ ಎಂಬ ವಿಜ್ಞಾನಿ, ಪ್ರಾಣಿ ಪ್ರಭೇದಗಳು ಪೂರ್ತಿ ಅಳಿದುಹೋಗಬಲ್ಲವು ಎಂದು ವಾದಿಸುವಾಗ ‘ಓಹಾಯೊದ ಪ್ರಾಣಿ’ ಎನಿಸಿಕೊಂಡಿದ್ದ, ಆನೆಯ ಸಂಬಂಧಿಯಾದ ಮ್ಯಾಸ್ಟೊಡಾನ್ ಕೂಡ ಅವರ ಸಾಕ್ಷಿಗಳಲ್ಲಿ ಒಂದಾಯಿತು. ಸೃಷ್ಟಿಯಲ್ಲಿ ಯಾವ ಜೀವಿಯೂ ನಶಿಸದೆಂದು ನಂಬಿದ್ದ ಅಧ್ಯಕ್ಷ ಥಾಮಸ್ ಜೆಫರ್ಸನ್ 1807ರಲ್ಲಿ ಅನ್ವೇಷಕ ವಿಲಿಯಂ ಕ್ಲಾರ್ಕ್‌ರನ್ನು ಇಲ್ಲಿಗೇ ಕಳುಹಿಸಿ ಸುಮಾರು 300 ಮೂಳೆಗಳನ್ನು ತರಿಸಿಕೊಂಡರು. ಅಮೆರಿಕದ ಪಳೆಯುಳಿಕೆ ವಿಜ್ಞಾನ ಕಣ್ಣುಬಿಟ್ಟ ಕೌಂಟಿಯಲ್ಲೇ ಅದನ್ನು ಅಲ್ಲಗಳೆಯುವ ಮ್ಯೂಸಿಯಂ ನಿಂತಿದೆ.

ನೆಲದ ವಿಷಯ ಇನ್ನೂ ಸ್ವಾರಸ್ಯಕರವಾಗಿದೆ. ಸಿನ್ಸಿನಾಟಿಯ ಸುತ್ತಲಿನ ಕಲ್ಲು ಸುಮಾರು 45 ಕೋಟಿ ವರ್ಷ ಹಳೆಯ ಆರ್ಡೊವಿಶಿಯನ್ ಯುಗದ್ದು. ರಸ್ತೆಗಾಗಿ ಗುಡ್ಡ ಕಡಿದಲ್ಲೆಲ್ಲ ಸುಣ್ಣಕಲ್ಲು ಮತ್ತು ಜೇಡಿಕಲ್ಲಿನ ತೆಳುಪದರಗಳು ಒಂದರ ಮೇಲೊಂದು ಕಾಣಿಸುತ್ತವೆ. ಅವುಗಳಲ್ಲಿ ಕಡಲಜೀವಿಗಳ ಪಳೆಯುಳಿಕೆಗಳು, ಅಂದರೆ ಕಪ್ಪೆಚಿಪ್ಪಿನಂತೆ ಕಾಣುವ ಬ್ರಾಕಿಯೊಪಾಡ್ ಚಿಪ್ಪುಗಳು, ಗುಂಪಾಗಿ ಬೆಳೆಯುವ ಪುಟ್ಟ ಬ್ರಯೊಜೋವಾಗಳು, ಅಳಿದುಹೋದ ಸಂಧಿಪದಿಗಳಾದ ಟ್ರೈಲೊಬೈಟ್‌ಗಳು ಕೈಗೆ ಸಿಗುವಷ್ಟು ಹೇರಳವಾಗಿವೆ. ಕೆಲವು ಪದರಗಳಲ್ಲಿ ಕಡಲತಳವು ಮೊದಲು ಗಟ್ಟಿ ಕಲ್ಲಾಗಿ, ಆಮೇಲೆ ಅದರ ಮೇಲೆ ಜೀವಿಗಳು ಅಂಟಿ ಬೆಳೆದು, ರಂಧ್ರ ಕೊರೆದು, ಅನಂತರ ಮತ್ತೆ ಹೂಳು ಬಿದ್ದ ಗುರುತುಗಳಿವೆ. ಒಂದು ವರ್ಷದ ಪ್ರವಾಹದ ಕೆಸರಿನಲ್ಲಿ ಈ ಇಡೀ ಕ್ರಮ ಮತ್ತೆಮತ್ತೆ ನಡೆಯುವುದಕ್ಕೆ ಕಾಲಾವಕಾಶವೇ ಇರುವುದಿಲ್ಲ. ಈ ಕಲ್ಲುಗಳನ್ನು ರಜಾದಿನಗಳಲ್ಲಿ ಆಯ್ದು ಅಧ್ಯಯನ ಮಾಡುವ ‘ಡ್ರೈ ಡ್ರೆಜರ್ಸ್’ ಎಂಬ ಹವ್ಯಾಸಿಗಳ ಸಂಘವು 1942ರಿಂದಲೂ ಅಲ್ಲಿ ನಡೆದುಬಂದಿದೆ. ಕೆಂಟಕಿಯ ಶಾಸನಸಭೆಯೇ 1986ರಲ್ಲಿ ಬ್ರಾಕಿಯೊಪಾಡನ್ನು ರಾಜ್ಯದ ಪಳೆಯುಳಿಕೆಯೆಂದು ಘೋಷಿಸಿದೆ. ಇನ್ನು ಡೈನೊಸಾರ್‌ಗಳ ಮಾತು: ಕೆಂಟಕಿಯಲ್ಲಿ ಇದುವರೆಗೆ ಡೈನೊಸಾರ್ ಪಳೆಯುಳಿಕೆ ದೊರೆತಿಲ್ಲ. ಮೇಲ್ಪದರದ ಬಹುಪಾಲು ಶಿಲೆ ಅವುಗಳಿಗಿಂತ ಬಹಳ ಹಳೆಯದು. ಮ್ಯೂಸಿಯಂ 2014ರಿಂದ ಹೆಮ್ಮೆಯಿಂದ ಪ್ರದರ್ಶಿಸುತ್ತಿರುವ ಅಲೊಸಾರಸ್ ಅಸ್ಥಿಪಂಜರವನ್ನು ಕೊಲೊರಾಡೊದಿಂದ ತರಲಾಗಿದೆ.

ಜನರ ಅಭಿಪ್ರಾಯಕ್ಕೆ ಬಂದರೆ, ಅದನ್ನು ಆಸ್ತಿಕರು ಒಂದು ಕಡೆ, ನಾಸ್ತಿಕರು ಇನ್ನೊಂದು ಕಡೆ ಎಂದು ವಿಂಗಡಿಸುವುದು ಸರಿಹೋಗುವುದಿಲ್ಲ. ಉದ್ಘಾಟನೆಯ ದಿನ ದ್ವಾರದ ಹೊರಗೆ ಪ್ರತಿಭಟನೆ ನಡೆದದ್ದು ನಿಜ. ‘ಸುಳ್ಳು ಹೇಳಬೇಡ’ ಎಂಬ ಬೈಬಲ್ಲಿನ ಆಜ್ಞೆಯನ್ನೇ ಬರೆದ ಪಟವನ್ನು ವಿಮಾನಕ್ಕೆ ಕಟ್ಟಿ ಹಾರಿಸಿದ್ದೂ ನಿಜ. ಆದರೆ ಉತ್ತರ ಕೆಂಟಕಿಯಲ್ಲಿ ಜರ್ಮನ್ ಮೂಲದ ಕ್ಯಾಥೊಲಿಕರು ಹಿಂದಿನಿಂದಲೂ ದೊಡ್ಡ ಸಂಖ್ಯೆಯಲ್ಲಿದ್ದಾರೆ, ಮತ್ತು ಅವರ ಚರ್ಚ್ ಭೂಮಿಯ ಪ್ರಾಚೀನತೆಯನ್ನು ನಿರಾಕರಿಸುವುದಿಲ್ಲ. ಜೀವವಿಕಾಸವು ಬರಿಯ ಊಹೆಗಿಂತ ಮಿಗಿಲಾದದ್ದೆಂದು ಪೋಪ್ ಎರಡನೆಯ ಜಾನ್ ಪಾಲ್ 1996ರಲ್ಲೇ ಒಪ್ಪಿದ್ದರು. ಅಲ್ಲಿನ ಎಷ್ಟೋ ಭಕ್ತರಿಗೆ ಈ ಮ್ಯೂಸಿಯಂ ತಮ್ಮ ಧರ್ಮದ ಪರವಾಗಿ ತಮ್ಮನ್ನು ಕೇಳದೆ ಮಾತನಾಡುತ್ತಿರುವಂತೆ ತೋರಿದರೆ ಆಶ್ಚರ್ಯಪಡಬೇಕಾಗಿಲ್ಲ.

ನದಿಯಾಚೆಯ ಸಿನ್ಸಿನಾಟಿಯ ಮನಸ್ಸನ್ನು ತಿಳಿಯಲು 2008ರ ಡಿಸೆಂಬರಿನ ಒಂದು ಪ್ರಸಂಗ ಸಾಕು. ಕ್ರಿಸ್ಮಸ್ ಕಾಲದ ಪ್ರದರ್ಶನಗಳಿಗಾಗಿ ಸಿನ್ಸಿನಾಟಿ ಮೃಗಾಲಯ ಮತ್ತು ಈ ಮ್ಯೂಸಿಯಂ ಸೇರಿ ರಿಯಾಯಿತಿ ದರದ ಜಂಟಿ ಟಿಕೆಟ್ ಪ್ರಕಟಿಸಿದವು. ದೂರುಗಳು ಸುರಿದವು, ಕೆಲವೇ ದಿನಗಳಲ್ಲಿ ಮೃಗಾಲಯ ಹಿಂದೆ ಸರಿಯಿತು. ವ್ಯಾಪಾರದ ದೃಷ್ಟಿಯಿಂದ ಅದು ಪ್ರವಾಸಿ ತಾಣಗಳ ಮಾಮೂಲಿ ಒಪ್ಪಂದವಾಗಿತ್ತು. ಆದರೆ ಪ್ರಾಣಿವಿಜ್ಞಾನವನ್ನು ಕಲಿಸುವ ಸಂಸ್ಥೆಯ ಹೆಸರು ಮ್ಯೂಸಿಯಂನ ಹೆಸರಿನ ಪಕ್ಕದಲ್ಲಿ ಅಚ್ಚಾಗುವುದನ್ನು ಊರಿನವರು ಸಹಿಸಲಿಲ್ಲ. ಅದೇ ವೇಳೆ, ಆ ಮ್ಯೂಸಿಯಂ ಮೊದಲ ವರ್ಷದಲ್ಲೇ 4 ಲಕ್ಷದಷ್ಟು ಜನರನ್ನು ಆಕರ್ಷಿಸಿತ್ತೆಂಬುದನ್ನೂ, ಹೋಟೆಲು ಮತ್ತು ಪೆಟ್ರೋಲ್ ಬಂಕುಗಳವರಿಗೆ ಆ ಜನರ ನಂಬಿಕೆ ಯಾವುದಾದರೂ ಒಂದೇ ಎಂಬುದನ್ನೂ ಮರೆಯಬಾರದು.

ಪ್ರಶ್ನೆ: ಇದೇ ಸಂಸ್ಥೆ ಕಟ್ಟಿದ ನೋಹನ ನಾವೆಗೆ ಸರ್ಕಾರದ ಹಣ ಸಂದಿದೆಯಂತೆ. ಧರ್ಮ ಮತ್ತು ಪ್ರಭುತ್ವ ಬೇರೆಬೇರೆ ಎನ್ನುವ ದೇಶದಲ್ಲಿ ಇದು ಹೇಗೆ ಸಾಧ್ಯ?

ಉತ್ತರ: ನನ್ನ ದೃಷ್ಟಿಯಲ್ಲಿ ನಿಜವಾದ ವಿವಾದ ಇರುವುದು ಇಲ್ಲಿಯೇ, ಡೈನೊಸಾರ್‌ಗಳಲ್ಲಲ್ಲ. ಮ್ಯೂಸಿಯಂ ಖಾಸಗಿ ದೇಣಿಗೆಯಿಂದ ಎದ್ದದ್ದು, ಆದ್ದರಿಂದ ಬೇಡವಾದವರು ನಕ್ಕು ಸುಮ್ಮನಿರಬಹುದಾಗಿತ್ತು. ಗ್ರಾಂಟ್ ಕೌಂಟಿಯ ವಿಲಿಯಮ್ಸ್‌ಟೌನ್‌ನಲ್ಲಿ 2016ರ ಜುಲೈ 7ರಂದು ತೆರೆದ ‘ಆರ್ಕ್ ಎನ್‌ಕೌಂಟರ್’ ಹಾಗಲ್ಲ. 510 ಅಡಿ ಉದ್ದದ ಮರದ ನಾವೆಯಿರುವ, ಸುಮಾರು 10 ಕೋಟಿ ಡಾಲರ್ ವೆಚ್ಚದ ಈ ಪ್ರವಾಸಿ ತಾಣಕ್ಕಾಗಿ ಆ ಪುಟ್ಟ ಪಟ್ಟಣದ ಆಡಳಿತವು 2013ರಲ್ಲಿ 6 ಕೋಟಿ 20 ಲಕ್ಷ ಡಾಲರ್ ಮೊತ್ತದ ಬಾಂಡುಗಳನ್ನು ಹೊರಡಿಸಿತು. ಇದಲ್ಲದೆ ಕೆಂಟಕಿಯ ಪ್ರವಾಸೋದ್ಯಮ ಕಾಯ್ದೆಯಡಿ, ತಾಣವು ಸಂಗ್ರಹಿಸುವ ಮಾರಾಟ ತೆರಿಗೆಯಲ್ಲಿ ಹತ್ತು ವರ್ಷಗಳ ಅವಧಿಗೆ ಸುಮಾರು 1 ಕೋಟಿ 80 ಲಕ್ಷ ಡಾಲರ್‌ವರೆಗೆ ಹಿಂದಿರುಗಿಸುವ ಪ್ರಸ್ತಾಪವೂ ಇತ್ತು.

2010ರಲ್ಲಿ ಈ ಯೋಜನೆಯನ್ನು ಸಂಭ್ರಮದಿಂದ ಬೆಂಬಲಿಸಿದ ಗವರ್ನರ್ ಸ್ಟೀವ್ ಬೆಶಿಯರ್ ಡೆಮಾಕ್ರಟಿಕ್ ಪಕ್ಷದವರು. ಅವರು ನೋಡಿದ್ದು ಉದ್ಯೋಗವನ್ನು. ಆದರೆ ಕೆಲಸಕ್ಕೆ ಸೇರುವವರು ಸಂಸ್ಥೆಯ ಧಾರ್ಮಿಕ ನಂಬಿಕೆಗಳನ್ನು ಒಪ್ಪುವ ಪತ್ರಕ್ಕೆ ಸಹಿ ಹಾಕಬೇಕೆಂಬ ನಿಯಮ ಬೆಳಕಿಗೆ ಬಂದಾಗ, ಅದೇ ಸರ್ಕಾರ 2014ರ ಡಿಸೆಂಬರಿನಲ್ಲಿ ರಿಯಾಯಿತಿಯನ್ನು ಹಿಂತೆಗೆದುಕೊಂಡಿತು. ಸಂಸ್ಥೆ ಮೊಕದ್ದಮೆ ಹೂಡಿತು. ಎಲ್ಲರಿಗೂ ತೆರೆದಿರುವ ತಟಸ್ಥ ಸೌಲಭ್ಯವೊಂದನ್ನು ಧಾರ್ಮಿಕ ಸಂಸ್ಥೆಯೆಂಬ ಒಂದೇ ಕಾರಣಕ್ಕೆ ನಿರಾಕರಿಸಲಾಗದೆಂದು ಒಕ್ಕೂಟ ನ್ಯಾಯಾಲಯವು 2016ರ ಜನವರಿಯಲ್ಲಿ ತೀರ್ಪು ಕೊಟ್ಟಿತು; ಆ ವೇಳೆಗೆ ಅಧಿಕಾರಕ್ಕೆ ಬಂದಿದ್ದ ರಿಪಬ್ಲಿಕನ್ ಗವರ್ನರ್ ಮ್ಯಾಟ್ ಬೆವಿನ್ ಮೇಲ್ಮನವಿ ಸಲ್ಲಿಸಲಿಲ್ಲ. ಕಾನೂನಿನ ಆ ತರ್ಕವನ್ನು ಒಪ್ಪಬಹುದು. ಆದರೂ ಲಾಭದ ಉದ್ಯಮವಾಗಿ ರಿಯಾಯಿತಿ ಪಡೆಯುವುದು, ನೇಮಕಾತಿಯಲ್ಲಿ ಮಾತ್ರ ಧಾರ್ಮಿಕ ಸಂಸ್ಥೆಯಾಗುವುದು ಅನುಕೂಲಸಿಂಧುವಾಗಿ ಕಾಣುತ್ತದೆ.

ಮರುವರ್ಷವೇ ಇದು ಇನ್ನಷ್ಟು ಸ್ಪಷ್ಟವಾಯಿತು. ಪೊಲೀಸ್, ಅಗ್ನಿಶಾಮಕ ಮುಂತಾದ ತುರ್ತುಸೇವೆಗಳ ಖರ್ಚಿಗಾಗಿ ವಿಲಿಯಮ್ಸ್‌ಟೌನ್ ಪ್ರತಿ ಟಿಕೆಟ್ಟಿಗೆ 50 ಸೆಂಟ್ ಶುಲ್ಕ ವಿಧಿಸಿದಾಗ, ತಾನು ಧಾರ್ಮಿಕ ಸಂಸ್ಥೆಯಾದ್ದರಿಂದ ವಿನಾಯಿತಿ ಬೇಕೆಂದು ನಾವೆಯವರು ಕೇಳಿದರು. ಸುಮಾರು 4 ಕೋಟಿ 80 ಲಕ್ಷ ಡಾಲರ್ ಬೆಲೆಯ ಆಸ್ತಿಯನ್ನು ತಮ್ಮದೇ ಲಾಭರಹಿತ ಅಂಗಸಂಸ್ಥೆಗೆ 10 ಡಾಲರಿಗೆ ಮಾರಿದರು. ಲಾಭದ ಕಂಪನಿಯ ಕೈಯಲ್ಲಿಲ್ಲದ ಆಸ್ತಿಗೆ ತೆರಿಗೆ ರಿಯಾಯಿತಿಯೂ ಇಲ್ಲವೆಂದು ರಾಜ್ಯ ಸರ್ಕಾರ ಹೇಳಿದೊಡನೆ ಕೆಲವೇ ದಿನಗಳಲ್ಲಿ ಆಸ್ತಿ ಮತ್ತೆ ಕಂಪನಿಗೆ ಮರಳಿತು, ಶುಲ್ಕಕ್ಕೂ ಒಪ್ಪಿಗೆ ಸಿಕ್ಕಿತು. ಸ್ಥಳೀಯರ ಅಸಮಾಧಾನ ಬಹುಮಟ್ಟಿಗೆ ಈ ಬಗೆಯದು. ಹೆದ್ದಾರಿಯಿಂದ ಇಳಿದವರು ನಾವೆ ನೋಡಿ ಮತ್ತೆ ಹೆದ್ದಾರಿ ಹತ್ತುತ್ತಾರೆ, ಪಟ್ಟಣದ ಪೇಟೆಬೀದಿಯವರೆಗೆ ಬರುವುದಿಲ್ಲ ಎಂದು ದೂರಿದವರಲ್ಲಿ ಆದಿಕಾಂಡದ ಬಗ್ಗೆ ಯಾವ ತಕರಾರೂ ಇಲ್ಲದವರೇ ಹೆಚ್ಚಿರಬಹುದು.

ಪ್ರಶ್ನೆ: ಕೆಂಟಕಿ ಮೊದಲಿನಿಂದಲೂ ವಿಜ್ಞಾನವಿರೋಧಿ ರಾಜ್ಯವೇ?

ಉತ್ತರ: ಅಲ್ಲ. ಜೀವವಿಕಾಸದ ಬೋಧನೆಯನ್ನು ನಿಷೇಧಿಸುವ ಮಸೂದೆ 1922ರಲ್ಲಿ ಕೆಂಟಕಿಯ ಕೆಳಮನೆಯಲ್ಲಿ ಒಂದೇ ಮತದ ಅಂತರದಿಂದ, 42–41ರಲ್ಲಿ, ಬಿದ್ದುಹೋಯಿತು. ಅದನ್ನು ಎದುರಿಸಿದವರ ಮುಂಚೂಣಿಯಲ್ಲಿ ಕೆಂಟಕಿ ವಿಶ್ವವಿದ್ಯಾಲಯದ ಅಧ್ಯಕ್ಷ ಫ್ರಾಂಕ್ ಮೆಕ್‌ವೇ ಇದ್ದರು. ಮೂರು ವರ್ಷಗಳ ಬಳಿಕ ನೆರೆಯ ಟೆನೆಸಿಯಲ್ಲಿ ಅಂಥದೇ ಕಾನೂನಿನಡಿ ವಿಚಾರಣೆಗೊಳಗಾದ ಶಿಕ್ಷಕ ಜಾನ್ ಸ್ಕೋಪ್ಸ್ ಕೆಂಟಕಿಯಲ್ಲಿ ಹುಟ್ಟಿ, ಅದೇ ವಿಶ್ವವಿದ್ಯಾಲಯದಲ್ಲಿ ಓದಿದವರು. ಅನುವಂಶೀಯತೆಯಲ್ಲಿ ವರ್ಣತಂತುಗಳ ಪಾತ್ರವನ್ನು ತೋರಿಸಿಕೊಟ್ಟು 1933ರಲ್ಲಿ ನೊಬೆಲ್ ಪಡೆದ ಥಾಮಸ್ ಹಂಟ್ ಮಾರ್ಗನ್ ಕೆಂಟಕಿಯ ಲೆಕ್ಸಿಂಗ್ಟನ್ನಿನವರು. ಹಾಗೆಂದು ಪೂರ್ತಿ ಬೆನ್ನು ತಟ್ಟುವಂತೆಯೂ ಇಲ್ಲ: ಶಾಲೆಗಳಲ್ಲಿ ಬೈಬಲ್ಲಿನ ಸೃಷ್ಟಿಕಥೆಯನ್ನು ಹೇಳಿಕೊಡಲು ಶಿಕ್ಷಕರಿಗೆ ಅವಕಾಶ ಕೊಡುವ ಕಾನೂನನ್ನು ಇದೇ ರಾಜ್ಯ 1976ರಲ್ಲಿ ಮಾಡಿತು.

ಪ್ರಶ್ನೆ: ವಿಜ್ಞಾನಿಗಳು ಅಲ್ಲಿಗೆ ಹೋಗಿ ವಾದಿಸುವುದು ಸರಿಯೇ? ನಾವು ಹೋಗಿ ನೋಡಬಹುದೇ?

ಉತ್ತರ: 2009ರ ಜೂನ್‌ನಲ್ಲಿ ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ ಸೇರಿದ್ದ ಪಳೆಯುಳಿಕೆ ವಿಜ್ಞಾನಿಗಳಲ್ಲಿ ಸುಮಾರು 70 ಮಂದಿ ಟಿಕೆಟ್ ಕೊಂಡು ಒಳಗೆ ಹೋಗಿ ನೋಡಿದರು, ಕೆಲವರು ನಕ್ಕರು, ಕೆಲವರು ಬೇಸರದಿಂದ ಹೊರಬಂದರು. ವಾದದ ಮಾತು ಬೇರೆ. 2014ರ ಫೆಬ್ರುವರಿ 4ರಂದು ವಿಜ್ಞಾನ ಪ್ರಚಾರಕ ಬಿಲ್ ನೈ ಅದೇ ಮ್ಯೂಸಿಯಂನಲ್ಲಿ ಹ್ಯಾಮ್ ಅವರೊಡನೆ ಚರ್ಚೆಗೆ ನಿಂತು, ಆ ದಿನ ರಸ್ತೆಬದಿಯಲ್ಲಿ ಎತ್ತಿಕೊಂಡಿದ್ದ ಪಳೆಯುಳಿಕೆಯ ಸುಣ್ಣಕಲ್ಲನ್ನು ಸಭೆಗೆ ತೋರಿಸಿದರು. ವಾದದಲ್ಲಿ ಅವರದೇ ಮೇಲುಗೈಯೆಂದು ಬಹಳ ಮಂದಿಗೆ ಅನ್ನಿಸಿತು. ಆದರೆ ಆ ಚರ್ಚೆಯ ಪ್ರಚಾರದಿಂದ ನಾವೆಯ ಬಾಂಡುಗಳ ಮಾರಾಟಕ್ಕೆ ನೆರವಾಯಿತೆಂದು ಹ್ಯಾಮ್ ಅದೇ ತಿಂಗಳಲ್ಲಿ ಹೇಳಿಕೊಂಡರು. ಇಂಥ ವೇದಿಕೆ ಹತ್ತಬಾರದೆಂದು ಮೊದಲೇ ಎಚ್ಚರಿಸಿದ್ದ ವಿಜ್ಞಾನಿಗಳ ಆತಂಕದಲ್ಲಿ ಹುರುಳಿತ್ತು.

ನೋಡುವುದಕ್ಕೆ ಅಡ್ಡಿಯಿಲ್ಲ. ಪ್ರದರ್ಶನದ ಕೌಶಲ ಎತ್ತರದ್ದು. ಅದನ್ನು ರೂಪಿಸಿದ ಪ್ಯಾಟ್ರಿಕ್ ಮಾರ್ಷ್ ಹಿಂದೆ ಫ್ಲಾರಿಡಾದ ಮನರಂಜನಾ ಉದ್ಯಾನ ಯೂನಿವರ್ಸಲ್ ಸ್ಟುಡಿಯೋಸ್‌ನಲ್ಲಿ ಕೆಲಸಮಾಡಿದವರು. ಒಂದನ್ನು ಮಾತ್ರ ಗಮನಿಸಿ ನೋಡಿ: ಮ್ಯೂಸಿಯಂ ನಿಸರ್ಗದ ಆಯ್ಕೆಯನ್ನು (ಪರಿಸರಕ್ಕೆ ಹೊಂದುವ ಜೀವಿಗಳು ಉಳಿದು ಬೆಳೆಯುವ ಪ್ರಕ್ರಿಯೆಯನ್ನು) ತಿರಸ್ಕರಿಸುವುದಿಲ್ಲ. ನಾವೆಯಲ್ಲಿದ್ದ ಪ್ರತಿಯೊಂದು ‘ಬಗೆ’ಯ ಜೋಡಿಯಿಂದ ಇಂದಿನ ಪ್ರಭೇದಗಳೆಲ್ಲ ಸುಮಾರು 4,300 ವರ್ಷಗಳಲ್ಲಿ ಕವಲೊಡೆದವೆಂದು ಅದು ಹೇಳುತ್ತದೆ, ಯಾವ ಜೀವವಿಜ್ಞಾನಿಯೂ ಊಹಿಸಲಾಗದಷ್ಟು ವೇಗದ ವಿಕಾಸ ಅದು.

ಮೊಮ್ಮಕ್ಕಳೊಂದಿಗೆ ಹೋಗುವುದಾದರೆ, ಅದೇ ಕೌಂಟಿಯ ಬಿಗ್ ಬೋನ್ ಉದ್ಯಾನವನ್ನೂ, ಸಿನ್ಸಿನಾಟಿಯ ಹಳೆಯ ರೈಲು ನಿಲ್ದಾಣ ಯೂನಿಯನ್ ಟರ್ಮಿನಲ್‌ನಲ್ಲಿರುವ ನಿಸರ್ಗ ಇತಿಹಾಸದ ಮ್ಯೂಸಿಯಂ ಅನ್ನೂ ಸೇರಿಸಿಕೊಳ್ಳಿ. ಬಿಗ್ ಬೋನ್ ಉದ್ಯಾನದಲ್ಲಿ ಏನನ್ನೂ ಆಯುವಂತಿಲ್ಲ. ಓಹಾಯೊ ಬದಿಯ ಶಾರನ್‌ವಿಲ್‌ನಲ್ಲಿರುವ ಟ್ರ್ಯಾಮಲ್ ಪಳೆಯುಳಿಕೆ ಉದ್ಯಾನದಲ್ಲಿ ಪ್ರವೇಶಕ್ಕೆ ಶುಲ್ಕವಿಲ್ಲ, ಮಕ್ಕಳು ಹುಡುಕಿದ ಚಿಪ್ಪುಗಳನ್ನು ಮನೆಗೂ ತರಬಹುದು.